ಮೂಗಿನ ಕೆಳಗೆ ನೋಡಬಾರದು

ಪರದೆಯ ಮೇಲೆ ಮೂವತ್ನಾಲ್ಕು ಎಂಬ ಅಂಕಿ ಕೆಂಪಗೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ‘ದಾನೇಶ್ವರಿ ಮುರಗೋಡ, ಬಿ.ಎಸ್ಸಿ. ಕೊನೆಯ ವರ್ಷ’ ಎಂದಿತ್ತು. ಶೈಲಜಾ ತೇಗೂರ ಯಂತ್ರವನ್ನು ಎರಡು ಸಲ ಆರಿಸಿ ಮತ್ತೆ ಚಾಲೂ ಮಾಡಿದಳು. ಅಂಕಿ ಜಪ್ಪಯ್ಯ ಎನ್ನಲಿಲ್ಲ.

ಯಂತ್ರವೇ ಕೆಟ್ಟಿರಬೇಕು ಎಂದುಕೊಂಡಳು. ಕೆಂಗನಹಟ್ಟಿಯ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಅತಿಥಿ ಉಪನ್ಯಾಸಕಿ ಅವಳು. ಅಷ್ಟು ವರ್ಷದಲ್ಲಿ ದಾನೇಶ್ವರಿಯಂಥ ಕೈ ಇನ್ನೊಂದು ಕಂಡಿರಲಿಲ್ಲ. ಬ್ಯುರೆಟ್ಟಿನಿಂದ ಹನಿ ಬಿಡುತ್ತ, ದ್ರಾವಣದ ಬಣ್ಣ ತಿರುಗುವ ಗಳಿಗೆಯನ್ನು ಆ ಹುಡುಗಿ ಸರಿಯಾಗಿ ಹಿಡಿಯುತ್ತಿದ್ದಳು. ಮಿಕ್ಕವರು ಒಂದೋ ಎರಡೋ ಹನಿ ಹೆಚ್ಚು ಚೆಲ್ಲಿ ನಾಲಿಗೆ ಕಚ್ಚಿಕೊಳ್ಳುವಾಗ ಇವಳ ಪಾತ್ರೆಯಲ್ಲಿ ತೆಳು ಗುಲಾಬಿ ನಿಂತಿರುತ್ತಿತ್ತು. ಅಂಥವಳು ಕೆಲಸಕ್ಕೆ ಬಾರದವಳಂತೆ!

ಓದಿದ ಹುಡುಗರಿಗೆ ಪುಸ್ತಕ ಗೊತ್ತು, ಕೆಲಸ ಗೊತ್ತಿಲ್ಲ ಎಂಬ ದೂರು ಎಲ್ಲೆಲ್ಲೂ ಜೋರಾಗಿದ್ದ ಕಾಲ ಅದು. ಮಾತುಗಾರಿಕೆ, ಆತ್ಮವಿಶ್ವಾಸ, ನಾಲ್ವರೊಡನೆ ಹೊಂದಿಕೊಂಡು ದುಡಿಯುವ ಗುಣ ಇವನ್ನೆಲ್ಲ ಕಾಲೇಜಿನಲ್ಲೇ ಕಲಿಸಬೇಕೆಂದು ದೊಡ್ಡವರೆಲ್ಲ ಸಭೆ ಮಾಡಿ ಹೇಳಿದರು. ಕಲಿಸುವುದು ಕಷ್ಟ. ಅದಕ್ಕೆ ಮೇಷ್ಟ್ರು ಬೇಕು, ಸಮಯ ಬೇಕು, ತಾಳ್ಮೆ ಬೇಕು. ಅಳೆಯುವುದು ಸುಲಭ. ಹಾಗಾಗಿ ಕಲಿಸುವುದನ್ನು ಬಿಟ್ಟು ಅಳೆಯಲು ಹೊರಟರು.

ಅಳೆಯುವ ಸಾಧನ ಒಂದು ಕನ್ನಡಕ. ಗಾಜು ಬರಿಯ ಗಾಜೇ, ಆಟವೆಲ್ಲ ಚೌಕಟ್ಟಿನಲ್ಲಿ. ಸಾಸಿವೆಯಷ್ಟು ದೊಡ್ಡ ಕ್ಯಾಮೆರಾ ಒಂದು ಒಳಮುಖವಾಗಿ ಕೂತು ಕಣ್ಣುಗುಡ್ಡೆ ಎತ್ತ ಹೊರಳುತ್ತದೆಂದು ನೋಡುತ್ತದೆ, ಇನ್ನೊಂದು ಎದುರಿಗಿರುವವರನ್ನು ನೋಡುತ್ತದೆ, ಕಡ್ಡಿಯೊಳಗಿನ ಮೈಕು ದನಿಯ ಏರಿಳಿತ ಕೇಳಿಸಿಕೊಳ್ಳುತ್ತದೆ. ಒಳ್ಳೆಯ ಕೆಲಸ ಗಿಟ್ಟಿಸಿದ ಹನ್ನೆರಡು ಸಾವಿರ ಮಂದಿಯ ಸಂದರ್ಶನಗಳನ್ನು ಕನ್ನಡಕ ತಯಾರಿಸಿದ ಕಂಪನಿಯವರು ಮೊದಲೇ ಯಂತ್ರಕ್ಕೆ ತೋರಿಸಿದ್ದರು. ವಿದ್ಯಾರ್ಥಿಯ ನಡೆ ಆ ಹನ್ನೆರಡು ಸಾವಿರ ಮಂದಿಯ ನಡೆಗೆ ಎಷ್ಟು ಹತ್ತಿರವೋ ಅಷ್ಟು ಅಂಕ. ಎಚ್ಚರವಿದ್ದಷ್ಟು ಹೊತ್ತೂ, ಕಾಲೇಜಿನಲ್ಲೂ ಮನೆಯಲ್ಲೂ ಅದನ್ನು ಹಾಕಿಕೊಂಡೇ ಇರಬೇಕು. ವರ್ಷದ ಕೊನೆಯ ಅಂಕಿ ಪದವಿ ಪ್ರಮಾಣಪತ್ರದ ಮೇಲೆ ಅಚ್ಚಾಗುತ್ತದೆ. ಅರವತ್ತಕ್ಕಿಂತ ಕಡಿಮೆಯಾದರೆ ಅರ್ಜಿಯನ್ನು ಯಾವ ಕಂಪನಿಯ ಗಣಕವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಸರಕಾರಿ ಹೆಸರು ‘ಸಾಮರ್ಥ್ಯ ದರ್ಶಕ’. ಗಾಣದ ಎತ್ತನ್ನು ನೋಡಿ ಬೆಳೆದ ಹುಡುಗರು ಅದನ್ನು ‘ಕಣ್ಕಾಪು’ ಎಂದು ಕರೆದರು.

ಕಣ್ಕಾಪಿನ ಕೊಠಡಿಯ ಉಸ್ತುವಾರಿ ಶೈಲಜಾಳ ತಲೆಗೇ ಬಿತ್ತು. ಯಾರೂ ಮಾಡಲೊಲ್ಲದ ಕೆಲಸ ಅತಿಥಿ ಉಪನ್ಯಾಸಕರ ತಲೆಗೆ ಬೀಳುವುದು ಕಾಲೇಜಿನ ವಾಡಿಕೆ.

ದಾನೇಶ್ವರಿಯನ್ನು ಅವಳು ಕೊಠಡಿಗೆ ಕರೆಸಿದಳು. ಪಕ್ಕದ ಊರಿನ ಬಟ್ಟೆ ಗಿರಣಿಯಲ್ಲಿ ಬಣ್ಣ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಒಬ್ಬರು ಬೇಕೆಂದು ಪ್ರಕಟಣೆ ಬಂದಿತ್ತು. ಹುಡುಗಿ ಒಂದು ವರ್ಷದಿಂದ ಆ ಗಿರಣಿಯ ಮೇಲೇ ಕಣ್ಣಿಟ್ಟಿದ್ದಳು.

“ಏನವಾ ಇದು? ಗಿರಣ್ಯಾಗ ಅರವತ್ತು ಕೇಳ್ತಾರ, ನಿಂದು ಮೂವತ್ನಾಕು ಅದ,” ಎಂದಳು ಶೈಲಜಾ.

“ನನಗೂ ತಿಳೀವಲ್ದ್ರಿ ಮೇಡಂ! ನಾನೇನೂ ತಪ್ಪ ಮಾಡಿಲ್ರಿ!” ದಾನೇಶ್ವರಿಯ ದನಿ ಕಾರಿಡಾರಿನ ಕೊನೆಯವರೆಗೆ ಹೋಯಿತು. ಪರದೆಯ ಮೇಲೆ ಒಂದು ಸಾಲು ಮೂಡಿತು: ‘ದನಿ: ಆಕ್ರಮಣಕಾರಿ.’ ಅದರ ಕೆಳಗೆ ಇನ್ನೊಂದು: ‘ದೃಷ್ಟಿ: ತಪ್ಪಿಸಿಕೊಳ್ಳುತ್ತಿದೆ.’

ಶೈಲಜಾ ಆಗ ಮೊದಲ ಸಲ ಗಮನಿಸಿದಳು. ಹುಡುಗಿ ನಿಜಕ್ಕೂ ಅವಳ ಕಣ್ಣು ನೋಡುತ್ತಿರಲಿಲ್ಲ. ಅವಳ ನೋಟ ಒಂದಿಷ್ಟು ಕೆಳಗೆ, ಬಾಯಿಯ ಮೇಲೆ ನೆಟ್ಟಿತ್ತು. ಪಟ್ಟಿ ತೆಗೆದು ನೋಡಿದರೆ ಅರವತ್ತೊಂದು ಮಂದಿಗೆ ಇದೇ ಎರಡು ಸಾಲು ಬಂದಿದ್ದವು. ವಿಳಾಸ ನೋಡಿದಳು. ಅರವತ್ತೊಂದೂ ಮಗ್ಗದ ಓಣಿಯವು.

ಧಾರವಾಡದ ಗುಮಾಸ್ತರ ಮನೆಯಲ್ಲಿ ಹುಟ್ಟಿದ ಶೈಲಜಾ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಆ ಓಣಿಗೆ ಕಾಲಿಟ್ಟಿರಲಿಲ್ಲ. ಇದನ್ನು ಹೇಳಿಕೊಳ್ಳಲು ಅವಳಿಗೆ ಆಮೇಲೆ ಬಹಳ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ದಾನೇಶ್ವರಿಯ ಜೊತೆ ಅವಳ ಮನೆಗೆ ಹೋದಳು. ಓಣಿಯ ಬಾಯಿಗೆ ಬರುತ್ತಿದ್ದಂತೆಯೇ ಸದ್ದು ಎದೆಗೆ ಬಡಿಯಿತು. ಮನೆಯ ಮುಂದಿನ ಪಡಸಾಲೆಯಲ್ಲಿ ಆರು ವಿದ್ಯುತ್ ಮಗ್ಗಗಳು ಓಡುತ್ತಿದ್ದವು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರಿ ಹಾರಿ ಬಡಿಯುತ್ತಿತ್ತು. ಶೈಲಜಾ “ನಮಸ್ಕಾರ” ಎಂದಳು, ಆ ಮಾತು ಅವಳಿಗೇ ಕೇಳಿಸಲಿಲ್ಲ.

ಮಗ್ಗಗಳ ನಡುವೆ ನಿಂತಿದ್ದ ದಾನೇಶ್ವರಿಯ ತಾಯಿ ನೀಲವ್ವ ನಗುತ್ತ ಏನೋ ಹೇಳಿದಳು. ಬಾಯಿ ಅಲುಗಿದ್ದಷ್ಟೇ ಕಂಡಿತು. ಹತ್ತು ಮೊಳ ದೂರದಲ್ಲಿದ್ದ ಮಗಳು ತಾಯಿಯ ತುಟಿ ನೋಡಿ ತಲೆಯಾಡಿಸಿದಳು, ಎರಡು ಬೆರಳು ಎತ್ತಿ ತೋರಿಸಿ ಒಳಗೆ ಹೋಗಿ ಎರಡು ಲೋಟ ಚಹಾ ತಂದಳು. ಆಚೆ ಮೂಲೆಯಲ್ಲಿ ನೂಲು ಕಡಿದಾಗ ನೀಲವ್ವ ಹುಬ್ಬು ಹಾರಿಸಿದಳು, ದಾನೇಶ್ವರಿ ಓಡಿ ಹೋಗಿ ಮಗ್ಗ ನಿಲ್ಲಿಸಿ ಎಳೆ ಕೂಡಿಸಿದಳು. ಒಬ್ಬರೂ ದನಿಯೆತ್ತಲಿಲ್ಲ, ಒಬ್ಬರೂ ತಪ್ಪು ತಿಳಿಯಲಿಲ್ಲ. ಇಬ್ಬರು ಹೆಂಗಸರು ಆರು ಮಗ್ಗಗಳನ್ನು ಒಂದೇ ಮೈಯ ಎರಡು ಕೈಗಳಂತೆ ನಡೆಸುತ್ತಿದ್ದರು. ಹೊಂದಿಕೊಂಡು ದುಡಿಯುವ ಗುಣವೆಂದರೆ ಇದಲ್ಲದೆ ಇನ್ನೇನು ಎಂದು ಶೈಲಜಾಳಿಗೆ ಸಿಟ್ಟೇ ಬಂತು.

ಹಿತ್ತಲಿಗೆ ಬಂದ ಮೇಲೆ ದಾನೇಶ್ವರಿ ಹೇಳಿದಳು, “ಅವ್ವಗ ಕಿವಿ ಹೋಗಿ ಏಳೆಂಟು ವರ್ಷಾತ್ರಿ. ಮೂವತ್ತ ವರ್ಷ ಇದ ಸಪ್ಪಳದಾಗ ಅದಾಳ. ನಮ್ಮ ಓಣ್ಯಾಗ ಕೂಸುಗಳೂ ಮೊದಲ ತುಟಿ ನೋಡಾಕ ಕಲೀತಾವು, ಆಮ್ಯಾಲ ಮಾತಾಡಾಕ. ಮನಿ ಹೊರಗ ಬಂದ್ರೂ ನಮಗ ದನಿ ಸಣ್ಣ ಮಾಡಾಕ ಬರೂದುಲ್ರಿ.”

“ಮೊದಲ ಯಾಕ ಹೇಳಲಿಲ್ಲ ನನಗ?”

“ಇದರಾಗ ಹೇಳೂದೇನೈತ್ರಿ ಮೇಡಂ? ಎಲ್ಲಾರೂ ಹಿಂಗ ನೋಡ್ತಾರಂತ ತಿಳಕೊಂಡಿದ್ವಿ.”

ಶೈಲಜಾ ಅಂದೇ ಕಂಪನಿಗೆ ಉದ್ದನೆಯ ಪತ್ರ ಬರೆದಳು. ಹತ್ತು ದಿನಕ್ಕೆ ಬೆಂಗಳೂರಿನಿಂದ ಪ್ರಣೀತ್ ಎಂಬ ಅಧಿಕಾರಿ ಬಂದ. ಸಣ್ಣ ವಯಸ್ಸು, ನಯವಾದ ಮಾತು. ಕಾಲೇಜಿನ ಪ್ರಾಚಾರ್ಯರು ಅವನಿಗೆ ಹಾರ ಹಾಕಿ, ಕೊಠಡಿಯ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರು.

“ಮೇಡಂ, ನೀವು ಅಪಾರ್ಥ ಮಾಡ್ಕೊಂಡಿದ್ದೀರಿ. ಆ ಹುಡುಗಿ ದಡ್ಡಿ ಅಂತ ನಮ್ಮ ಯಂತ್ರ ಎಲ್ಲೂ ಹೇಳಿಲ್ಲ. ಕೆಲಸ ಸಿಕ್ಕವರ ಹಾಗೆ ಇಲ್ಲ ಅಂತ ಹೇಳಿದೆ, ಅಷ್ಟೇ,” ಎಂದ ಪ್ರಣೀತ್.

“ಆ ಹನ್ನೆರಡು ಸಾವಿರ ಮಂದಿಯೊಳಗ ಮಗ್ಗದ ಮನಿಯವ್ರು ಎಷ್ಟು ಮಂದಿ ಇದ್ರು?”

ಅವನು ತನ್ನ ಕೈಯಲ್ಲಿದ್ದ ಟ್ಯಾಬಿನ ಮೇಲೆ ಬೆರಳಾಡಿಸಿ ನೋಡಿದ. “ಆ ವಿವರ ನಾವು ಸಂಗ್ರಹಿಸಿಲ್ಲ.”

“ಅಂದ್ರ ಒಬ್ಬರೂ ಇಲ್ಲ. ಬಾಯಿ ನೋಡಿ ಮಾತು ತಿಳಿಯೋರನ್ನ ಯಂತ್ರ ಒಮ್ಮೆನೂ ಕಂಡಿಲ್ಲ. ಕಾಣದ್ದಕ್ಕೆಲ್ಲ ತಪ್ಪು ಅಂತ ಹೆಸರಿಡೂದು ಯಾವ ವಿಜ್ಞಾನ್ರೀ?”

“ಮೇಡಂ...” ಎಂದು ಪ್ರಾಚಾರ್ಯರು ಕೆಮ್ಮಿದರು.

ಪ್ರಣೀತ್‌ಗೆ ಸಿಟ್ಟು ಬರಲಿಲ್ಲ, ಅದನ್ನೇ ಶೈಲಜಾಳಿಗೆ ತಡೆಯಲಾಗಲಿಲ್ಲ. ಅವನು ಶಾಂತವಾಗಿಯೇ ಪರಿಹಾರ ಹೇಳಿದ. ಕನ್ನಡಕದಲ್ಲಿ ತಿದ್ದುವ ಏರ್ಪಾಡೂ ಇದೆಯಂತೆ. ಎದುರಿನವರ ಮೂಗಿನಿಂದ ಕೆಳಗೆ ನೋಟ ಇಳಿದರೆ ಕಡ್ಡಿಯೊಳಗಿನ ತಂತಿ ಕಿವಿಯ ಮೇಲೆ ಸಣ್ಣಗೆ ಚುರುಕ್ ಎನ್ನಿಸುತ್ತದೆ, ದನಿ ಏರಿದರೂ ಅಷ್ಟೇ. ನೋವೇನಿಲ್ಲ, ಇರುವೆ ಕಚ್ಚಿದಷ್ಟು. ಆರು ವಾರದಲ್ಲಿ ಯಾರಾದರೂ ತಿದ್ದಿಕೊಳ್ಳುತ್ತಾರೆ.

“ದನಕ್ಕ ಮಾಡಿದಂಗ ಮಾಡ್ತೀರಿ ಅನ್ರಿ,” ಎಂದಳು ಶೈಲಜಾ.

ಆದರೆ ಬಾಗಿಲ ಬಳಿ ನಿಂತಿದ್ದ ದಾನೇಶ್ವರಿ ಮುಂದೆ ಬಂದಳು. “ಹಾಕ್ರಿ ನನಗ. ಗಿರಣಿ ಅರ್ಜಿಗೆ ಎರಡ ತಿಂಗಳ ಐತಿ. ನಾ ತಡಕೋತೀನಿ.”

ಶೈಲಜಾ ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಹುಡುಗಿಯ ಅನ್ನದ ದಾರಿಗೆ ತನ್ನ ಸಿಟ್ಟು ಅಡ್ಡ ಬರಬಾರದು ಎಂದು ಸಮಾಧಾನ ಹೇಳಿಕೊಂಡು, ತಾನೇ ಗುಂಡಿ ಒತ್ತಿ ಆ ಏರ್ಪಾಡನ್ನು ಚಾಲೂ ಮಾಡಿದಳು.

ಮೊದಲ ವಾರ ದಾನೇಶ್ವರಿ ತರಗತಿಯಲ್ಲಿ ನಾಲ್ಕೈದು ನಿಮಿಷಕ್ಕೊಮ್ಮೆ ಬೆಚ್ಚುತ್ತಿದ್ದಳು. ಎರಡನೆಯ ವಾರ ಯಾರು ಮಾತಾಡಿಸಿದರೂ ತಲೆ ಬಗ್ಗಿಸುತ್ತಿದ್ದಳು, ಅದಕ್ಕೂ ಯಂತ್ರ ಚುಚ್ಚುತ್ತಿತ್ತು. ಮೂರನೆಯ ವಾರದ ಹೊತ್ತಿಗೆ ಅವಳ ಕಣ್ಣು ತಾನಾಗಿ ಮೇಲಕ್ಕೆ ಹಾರುವುದನ್ನು ಕಲಿಯಿತು. ದನಿ ಸಣ್ಣದಾಯಿತು, ಎಷ್ಟು ಸಣ್ಣದೆಂದರೆ ಹಿಂದಿನ ಬೆಂಚಿನವರು ‘ಏನ?’ ಎಂದು ಕೇಳಬೇಕಾಯಿತು. ಅಂಕಿ ನಲವತ್ತೊಂಬತ್ತಾಯಿತು, ಐವತ್ತೆಂಟಾಯಿತು, ಆರನೆಯ ವಾರ ಎಪ್ಪತ್ತೊಂದಕ್ಕೆ ಬಂದು ಹಸಿರಾಯಿತು. ಪ್ರಾಚಾರ್ಯರು ಗೇಟಿಗೆ ಬ್ಯಾನರು ಕಟ್ಟಿಸಿದರು. ಅದರಲ್ಲಿ ದಾನೇಶ್ವರಿಯ ಫೋಟೊ, ಅವರದ್ದು ಅದಕ್ಕಿಂತ ಸ್ವಲ್ಪ ದೊಡ್ಡದು.

ಶೈಲಜಾಳಿಗೂ ಖುಷಿಯಾಗಿತ್ತು. ಪೇಢೆಯ ಪೊಟ್ಟಣ ಹಿಡಿದು ಒಂದು ಭಾನುವಾರ ಬೆಳಿಗ್ಗೆ ಮಗ್ಗದ ಓಣಿಗೆ ಹೋದಳು. ಕರೆಂಟು ಹೋಗಿತ್ತು, ಮಗ್ಗಗಳು ನಿಂತಿದ್ದವು. ದಾನೇಶ್ವರಿ ನೀರು ತರಲು ಹೋಗಿದ್ದಳು. ಪಡಸಾಲೆಯಲ್ಲಿ ನೀಲವ್ವ ಒಬ್ಬಳೇ ಕೂತಿದ್ದಳು. ಶೈಲಜಾ ಅವಳ ಎದುರಿಗೆ ಕೂತು, ಬಾಯಿ ಚೆನ್ನಾಗಿ ತೆರೆದು ನಿಧಾನವಾಗಿ ಹೇಳಿದಳು, “ಮಗಳು ಎಪ್ಪತ್ತೊಂದು ತಗೊಂಡಾಳವ್ವ!”

ನೀಲವ್ವ ಪೊಟ್ಟಣ ತೆಗೆದುಕೊಳ್ಳಲಿಲ್ಲ.

“ಅಕ್ಕೋರೆ, ಆಕಿಗೆ ನೀವು ಏನ ಕಲಿಸೀರಿ?” ಎಂದಳು. “ಈಗ ನಾ ಮಾತಾಡಿದ್ರ ನನ್ನ ಕಣ್ಣ ನೋಡ್ತಾಳ. ದಿಟ್ಟಿಸಿ ನೋಡ್ತಾಳ. ಮಾತ ನೋಡಂಗಿಲ್ಲ. ನೂಲ ಕಡದೈತಿ ಅಂದ್ರ ನಕ್ಕೋತ ನಿಂದರತಾಳ. ಮೊನ್ನಿ ಮಗ್ಗ ಓಡೂ ಮುಂದ ನನಗ ಎದಿ ನೋಯಾಕ ಹತ್ತಿತ್ತು. ಮೂರ ಸಲ ಹೇಳೀನಿ. ಆಕಿಗೆ ತಿಳೀಲಿಲ್ಲ. ಆಕೀನೂ ಸಣ್ಣಗ ಏನೇನೋ ಅಂತಾಳ, ತುಟಿ ಅಲಗೂದ ಇಲ್ಲ. ನನಗ ಆಕಿ ಮಾತ ಹೋತು, ಆಕಿಗೆ ನನ್ನ ಮಾತ ಹೋತು.”

ಅಷ್ಟರಲ್ಲಿ ಕೊಡ ಹೊತ್ತು ದಾನೇಶ್ವರಿ ಬಂದಳು. ನೀಲವ್ವ ಅವಳಿಗೆ ಏನೋ ಹೇಳಿದಳು, ದನಿಯಿಲ್ಲದೆ, ಮಗ್ಗದ ನಡುವಿನ ರೂಢಿಯಂತೆ. ದಾನೇಶ್ವರಿಯ ನೋಟ ತಾಯಿಯ ಬಾಯಿಗೆ ಇಳಿಯಿತು, ಕೂಡಲೇ ಕಿವಿಯ ಬಳಿ ಕೆನ್ನೆ ಅದುರಿತು, ನೋಟ ಮೇಲಕ್ಕೆ ಹಾರಿತು. ಮತ್ತೆ ಇಳಿಸಿದಳು, ಮತ್ತೆ ಹಾರಿತು. ಆಮೇಲೆ ತಾಯಿಯ ಕಣ್ಣನ್ನೇ ನೋಡುತ್ತ, ಕಲಿಸಿದ ಹಾಗೆ, ಅಳತೆಯ ನಗೆ ನಕ್ಕಳು. ಶೈಲಜಾ ಪೇಢೆಯ ಪೊಟ್ಟಣವನ್ನು ಕೆಳಗಿಟ್ಟಳು. ಗುಂಡಿ ಒತ್ತಿದ್ದು ತನ್ನದೇ ಕೈ.

“ತಗದ ಬಿಡು ಅದನ್ನ,” ಎಂದಳು.

“ಇನ್ನ ಹನ್ನೆರಡ ದಿನ್ರಿ ಮೇಡಂ. ಅಂಕಿ ಅಚ್ಚಾದ ಮ್ಯಾಲ ತಗೀತೀನಿ. ಈಗ ತಗದ್ರ ಇಳೀತದ,” ಎಂದು ದಾನೇಶ್ವರಿ ಪಿಸುಗುಟ್ಟಿದಳು.

ಅಲ್ಲಿಂದ ಒಂಬತ್ತನೆಯ ದಿನ ಶೈಲಜಾ ಕೊಠಡಿಯ ಬಾಗಿಲು ತೆರೆದಾಗ ಪರದೆಯ ಮೇಲೆ ಕೆಂಪು ಕಾಣಿಸಿತು. ದಾನೇಶ್ವರಿ ಮುರಗೋಡ, ನಲವತ್ತೆರಡು. ಕೆಳಗೆ ಹೊಸ ಸಾಲೊಂದಿತ್ತು: ‘ನಡವಳಿಕೆ: ಅಸಹಜ, ತರಬೇತಿಯಿಂದ ಬಂದದ್ದು.’

ಕಂಪನಿಗೆ ಫೋನ್ ಹಚ್ಚಿದಳು. ಪ್ರಣೀತ್ ಎಂದಿನ ತಣ್ಣನೆಯ ದನಿಯಲ್ಲಿ ವಿವರಿಸಿದ. ಎಲ್ಲ ಕಡೆ ತುಂಬಾ ಜನ ತಿದ್ದಿಕೊಂಡುಬಿಟ್ಟರಂತೆ, ಎಲ್ಲರಿಗೂ ಎಪ್ಪತ್ತು ಬರತೊಡಗಿತಂತೆ. ಎಲ್ಲರಿಗೂ ಬಂದರೆ ಕೆಲಸ ಕೊಡುವವರಿಗೆ ಅಂಕಿಯಿಂದ ಏನು ಉಪಯೋಗ? ಅದಕ್ಕೇ ಯಂತ್ರದ ಹೊಸ ಆವೃತ್ತಿ ಸಹಜತೆಯನ್ನೂ ನೋಡುತ್ತದಂತೆ.

“ತಿದ್ದಿದವರು ನೀವ. ತಿದ್ದಿಕೊಂಡಾರ ಅಂತ ತಪ್ಪು ಹಿಡಿಯೋರೂ ನೀವ,” ಎಂದಳು ಶೈಲಜಾ. “ಆ ಹುಡುಗಿ ಆರು ವಾರ ಕಿವಿ ಸುಡಿಸಿಕೊಂಡಳು. ಹೆತ್ತ ತಾಯಿ ಮಾತು ಕಳಕೊಂಡಳು. ಅದಕ್ಕ ಏನ ಹೇಳ್ತೀರಿ?”

“ನಿಮ್ಮ ಅಭಿಪ್ರಾಯ ದಾಖಲಿಸ್ಕೊಳ್ತೀನಿ ಮೇಡಂ.”

ಹನ್ನೆರಡು ವರ್ಷದಲ್ಲಿ ಶೈಲಜಾ ಎಷ್ಟೋ ನುಂಗಿಕೊಂಡಿದ್ದಳು. ಪ್ರತಿ ಜೂನಿನಲ್ಲೂ ತನ್ನ ಹೆಸರು ಮರುನೇಮಕದ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಸೂಚನಾಫಲಕದ ಮುಂದೆ ನಿಲ್ಲುವುದನ್ನು ನುಂಗಿದ್ದಳು, ಕಾಯಂ ಉಪನ್ಯಾಸಕರ ಪಾಲಿನ ಉತ್ತರಪತ್ರಿಕೆ ತಾನು ತಿದ್ದುವುದನ್ನು ನುಂಗಿದ್ದಳು. ಇದು ಗಂಟಲಲ್ಲೇ ನಿಂತಿತು.

ಸಂಗತಿ ಕೇಳಿದ ದಾನೇಶ್ವರಿ ಅಳಲಿಲ್ಲ. ಕಣ್ಕಾಪನ್ನು ತೆಗೆದು ಮೇಜಿನ ಮೇಲಿಟ್ಟು ಮನೆಗೆ ಹೋದಳು. ಮುಂದಿನ ಎರಡು ದಿನ ಕಾಲೇಜಿಗೆ ಬರಲಿಲ್ಲ. ತಾಯಿಯ ಎದುರಿಗೆ ಸ್ಟೂಲು ಹಾಕಿ ಕೂತು, ಒಂದೊಂದೇ ಮಾತು ಹೇಳಿಸಿಕೊಂಡು ಅವಳ ತುಟಿ ನೋಡುವುದನ್ನು ಮೊದಲಿನಿಂದ ರೂಢಿ ಮಾಡುತ್ತಿದ್ದಾಳೆ ಎಂದು ಓಣಿಯ ಹುಡುಗಿಯರು ಬಂದು ಹೇಳಿದರು. ಕಣ್ಣು ಈಗಲೂ ಹಾರುತ್ತದಂತೆ, ಮೊದಲಿನಷ್ಟಲ್ಲವಂತೆ.

ಅಂಕಿ ಅಚ್ಚಿಗೆ ಹೋಗುವ ದಿನ ಪ್ರಣೀತ್ ಮತ್ತೆ ಬಂದು ಪ್ರಾಚಾರ್ಯರ ಜೊತೆ ಕೊಠಡಿಯಲ್ಲಿ ಕೂತ. ಪ್ರತಿ ವಿದ್ಯಾರ್ಥಿಯ ಅಂಕಿ ಸರಿಯಿದೆಯೆಂದು ಕೊಠಡಿಯ ಉಸ್ತುವಾರಿ ಹೆಬ್ಬೆರಳು ಒತ್ತಬೇಕಿತ್ತು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಕಣ್ಕಾಪು ಕಳಚಿ ಮೇಜಿನ ಮೇಲಿಡುತ್ತಿದ್ದರು. ಎಂಬತ್ತು ಬಂದವರಿಗೆ ಶೈಲಜಾ ಒತ್ತಿದಳು, ಅರವತ್ತೈದು ಬಂದವರಿಗೆ ಒತ್ತಿದಳು. ಅವರಾರೂ ಬೇಡವೆನ್ನಲಿಲ್ಲ. ಆಮೇಲೆ ದಾನೇಶ್ವರಿ ಬಂದು ನಿಂತಳು. ಪರದೆಯ ಮೇಲೆ ನಲವತ್ತೆರಡು ಮೂಡಿತು. ಶೈಲಜಾ ಕೈ ಹಿಂದಕ್ಕೆ ತೆಗೆದುಕೊಂಡಳು.

“ಇದು ಸರಿ ಅದ ಅಂತ ನಾ ಒತ್ತೂದಿಲ್ಲ. ಯಾಕಂದ್ರ ಸರಿ ಇಲ್ಲ.”

“ಮೇಡಂ, ಜೂನ್ ತಿಂಗಳ ಪಟ್ಟಿ ಇನ್ನೂ ನನ್ನ ಮೇಜಿನ ಮ್ಯಾಲನ ಅದ,” ಎಂದರು ಪ್ರಾಚಾರ್ಯರು.

“ಇರಲಿ ಬಿಡ್ರಿ ಸರ. ನನ್ನ ಹೆಸರು ಹೊಡದು ಹಾಕ್ರಿ. ಹನ್ನೆರಡು ವರ್ಷ ಈ ಮಕ್ಕಳಿಗೆ ಕಂಡದ್ದನ್ನ ಕಂಡಂಗ ಬರೀರಿ ಅಂತ ಕಲಿಸೀನಿ. ಬಣ್ಣ ಬಾರದ ದ್ರಾವಣಕ್ಕ ಬಣ್ಣ ಬಂದದ ಅಂತ ನಾನ ಹೆಂಗ ಬರೀಲಿ?”

ಪ್ರಣೀತ್ ಮೊದಲ ಸಲ ಕುರ್ಚಿಯಿಂದ ಎದ್ದ. “ಮೇಡಂ, ನೀವು ಒತ್ತದಿದ್ದರೆ ಪ್ರಮಾಣಪತ್ರದಲ್ಲಿ ಆ ಜಾಗ ಖಾಲಿ ಹೋಗುತ್ತೆ. ಅಂಕಿ ಇಲ್ಲದ ಅರ್ಜಿಯನ್ನ ಗಿರಣಿಯ ಗಣಕ ತೆಗೆದುಕೊಳ್ಳೋಕೂ ಆಗಲ್ಲ, ತಳ್ಳೋಕೂ ಆಗಲ್ಲ. ಅಲ್ಲೇ ನಿಂತುಬಿಡುತ್ತೆ. ಯಾರೋ ಒಬ್ಬ ಮನುಷ್ಯ ಕೂತು ಅದನ್ನ ತೆಗೆದು ಓದಬೇಕು, ಹುಡುಗೀನ ಕರೆಸಿ ಯಾಕೆ ಖಾಲಿ ಅಂತ ಕೇಳಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಇವಳ ಭವಿಷ್ಯದ ಜೊತೆ ಆಟ ಆಡ್ತಿದ್ದೀರಿ ನೀವು.”

ಆ ಮಾತಿನಲ್ಲಿ ನಿಜವೂ ಇತ್ತು. ಕಳೆದ ಸಲ ಶೈಲಜಾ ಹುಡುಗಿಗೆ ಏನನ್ನೂ ಬಿಡಿಸಿ ಹೇಳದೆ ಗುಂಡಿ ಒತ್ತಿದ್ದಳು, ಅದರ ಫಲ ಕಂಡಿದ್ದಳು. ಈ ಸಲ ಅವಳ ಕಡೆ ತಿರುಗಿದಳು. “ದಾನೇಶ್ವರಿ, ನೀನ ಹೇಳವಾ. ಕೆಲಸ ಹೋದ್ರ ನಿಂದು ಹೋಗ್ತದ.”

ದಾನೇಶ್ವರಿ ನೇರ ಅವಳ ಬಾಯಿಯನ್ನೇ ನೋಡುತ್ತಿದ್ದಳು. ಕೇಳಿಸಿಕೊಂಡು ಪ್ರಣೀತ್‌ನ ಕಡೆ ತಿರುಗಿ, ಅವನ ಬಾಯಿಯನ್ನೂ ಹಾಗೆಯೇ ನೋಡಿದಳು. ಅವನು ಅರಿವಿಲ್ಲದೆ ತುಟಿ ಒರೆಸಿಕೊಂಡ.

“ಸರ, ಆ ಗಿರಣ್ಯಾಗ ನೂರಾ ಎಂಬತ್ತ ಮಗ್ಗ ಓಡ್ತಾವ್ರಿ,” ಎಂದಳು. ಆ ದನಿಗೆ ಕಿಟಕಿಯ ಗಾಜು ಗುಂಯ್‌ಗುಟ್ಟಿತು, ಮೇಜಿನ ಮೇಲಿದ್ದ ಕಣ್ಕಾಪುಗಳಲ್ಲಿ ಸಾಲಾಗಿ ಕೆಂಪು ದೀಪ ಹತ್ತಿಕೊಂಡವು. “ನೀವು ಒಮ್ಮಿಯಾದ್ರೂ ಒಳಗ ಹೋಗಿ ನೋಡೀರೇನ್ರಿ? ಅಲ್ಲಿ ಯಾರ ಮಾತೂ ಯಾರ ಕಿವಿಗೂ ಬೀಳಂಗಿಲ್ಲ. ನಿಮ್ಮ ಹನ್ನೆರಡ ಸಾವಿರ ಮಂದೀನ ಅಲ್ಲಿ ನಿಂದರಸ್ರಿ, ಒಬ್ಬಾವಗೂ ಒಂದ ಮಾತ ತಿಳಿಯೂದುಲ್ಲ. ನನಗ ತಿಳೀತೈತಿ. ಯಾಕ ಖಾಲಿ ಐತಿ ಅಂತ ಅವರು ಕೇಳ್ಲಿ. ಯಾರರೆ ಒಬ್ಬ ಮನಶ್ಯಾ ಕೂತು ನನ್ನ ಕೇಳ್ಲಿ ಅಂತನ ನಾ ಈ ಮೂರ ವರ್ಷ ಓದೀನ್ರಿ.”

ಪ್ರಣೀತ್ ಏನೋ ಹೇಳಲು ಬಾಯಿ ತೆರೆದ. ಮಾತು ಹೊರಡುವ ಮೊದಲೇ ಅದನ್ನು ಓದಿಕೊಂಡವಳಂತೆ ಅವಳು ತಲೆ ಅಲ್ಲಾಡಿಸಿದಳು.

“ಖಾಲಿ ಬಿಡ್ರಿ ಮೇಡಂ,” ಎಂದಳು.

ಶೈಲಜಾ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಕಾರಿಡಾರಿನಲ್ಲಿ ಮಗ್ಗದ ಓಣಿಯ, ಕೆಂಪು ಅಂಕಿಯ ಉಳಿದ ಅರವತ್ತು ಮಂದಿ ಸಾಲಾಗಿ ನಿಂತಿದ್ದರು. ಎಲ್ಲರ ಕಣ್ಣೂ ಅವಳ ಬಾಯಿಯ ಮೇಲಿತ್ತು. ಅವಳು ದನಿ ಎತ್ತಲಿಲ್ಲ, ತುಟಿಯಷ್ಟೇ ಅಲುಗಿಸಿದಳು.

“ಮುಂದಿನವ್ರು ಬರ್ರಿ.”

ಪ್ರಾಚಾರ್ಯರಿಗೂ ಪ್ರಣೀತ್‌ಗೂ ಏನೂ ಕೇಳಿಸಲಿಲ್ಲ. ಅರವತ್ತು ಮಂದಿ ಒಂದು ಹೆಜ್ಜೆ ಮುಂದೆ ಬಂದರು.